‘ಸೂನ್’ ಎಂದರೆ ಎಷ್ಟು ಹೊತ್ತು?



ದತ್ತಿ ಉಪನ್ಯಾಸಕ್ಕೆ ಒಬ್ಬ ಕವಿಯನ್ನೋ ಒಂದು ಕಾಲಘಟ್ಟವನ್ನೋ ಆರಿಸಿಕೊಳ್ಳುವುದು ವಾಡಿಕೆ. ನಾನು ಆರಿಸಿಕೊಂಡದ್ದು ಒಂದು ಇಂಗ್ಲಿಷ್ ಕ್ರಿಯಾವಿಶೇಷಣವನ್ನು: ‘ಸೂನ್’. ಇಂಗ್ಲಿಷ್ ಲಿಪಿಯಲ್ಲಿ ನಾಲ್ಕೇ ಅಕ್ಷರ. ಈ ಪದ ಗೊತ್ತಿಲ್ಲದವರು ಈ ಸಭೆಯಲ್ಲಿ ಯಾರೂ ಇಲ್ಲ. ಗೊತ್ತಿರುವ ಪದದ ಬಗ್ಗೆ ಒಂದು ಗಂಟೆ ಮಾತಾಡುವುದಕ್ಕೆ ಏನಿದೆ ಎಂದು ನೀವು ಕೇಳಬಹುದು. ಇದೆ. ‘ಸೂನ್’ ಎಂಬ ಪದ ಬಾಯಿಂದ ಹೊರಟಾಗಲೆಲ್ಲ ಅಲ್ಲಿ ಇಬ್ಬರು ಇರುತ್ತಾರೆ. ಹೇಳುವವರು ಒಬ್ಬರು, ಕಾಯುವವರು ಇನ್ನೊಬ್ಬರು. ಈ ಇಬ್ಬರ ನಡುವಿನ ಸಂಬಂಧವೇ ಆ ಪದದ ಅರ್ಥವನ್ನು ಸಾವಿರ ವರ್ಷಗಳಿಂದ ಎಳೆದಾಡುತ್ತ ಬಂದಿದೆ. ಇವತ್ತು ನಾನು ಹೇಳಹೊರಟಿರುವುದು ಅದನ್ನೇ. ದಾರಿಯಲ್ಲಿ ಲಂಡನ್ನಿನ ಒಂದು ಹೆಂಡದಂಗಡಿಗೆ ಹೋಗಬೇಕಾಗುತ್ತದೆ, ಕೊನೆಗೆ ನಮ್ಮ ಸಂವಿಧಾನದ ಮೂರು ವಿಧಿಗಳ ಮುಂದೆ ನಿಲ್ಲಬೇಕಾಗುತ್ತದೆ.

ಹಳೆಯ ಇಂಗ್ಲಿಷಿನಲ್ಲಿ ಈ ಪದದ ರೂಪ ‘ಸೋನಾ’. ಅರ್ಥ ‘ಸ್ವಲ್ಪ ಹೊತ್ತಿನಲ್ಲಿ’ ಎಂದಲ್ಲ. ‘ತಕ್ಷಣ’, ‘ಆ ಗಳಿಗೆಯಲ್ಲೇ’ ಎಂದು. ಹಳೆಯ ಸ್ಯಾಕ್ಸನ್, ಹಳೆಯ ಫ್ರಿಸಿಯನ್, ಹಳೆಯ ಜರ್ಮನ್ ಭಾಷೆಗಳಲ್ಲೂ ಇದರ ಒಡಹುಟ್ಟಿದ ರೂಪಗಳಿದ್ದವು. ಹತ್ತನೆಯ ಶತಮಾನದ ಕೊನೆಗೆ ಇಂಗ್ಲೆಂಡಿನ ಕ್ರೈಸ್ತ ಮಠದವರು ಲ್ಯಾಟಿನ್ ಸುವಾರ್ತೆಗಳನ್ನು ಪಶ್ಚಿಮ ಸ್ಯಾಕ್ಸನ್ ನುಡಿಗೆ ತಂದಾಗ, ಲ್ಯಾಟಿನ್ನಿನ ‘ಸ್ಟಾಟಿಮ್’ ಬಂದ ಕಡೆ ಹಲವು ಸಲ ‘ಸೋನಾ’ ಎಂದೇ ಬರೆದರು. ಸುವಾರ್ತೆಗಳಲ್ಲಿ ಮಾರ್ಕನದು ಬಹಳ ಅವಸರದ ಬರವಣಿಗೆ. ಅದರ ಗ್ರೀಕ್ ಮೂಲದಲ್ಲಿ ‘ತಕ್ಷಣ’ ಎಂಬರ್ಥದ ಪದ ಸುಮಾರು 40 ಸಲ ಬರುತ್ತದೆ. ಯೇಸು ಕರೆದ, ಬೆಸ್ತರು ತಕ್ಷಣ ಬಲೆ ಬಿಟ್ಟು ಹೊರಟರು. ಯೇಸು ಮುಟ್ಟಿದ, ರೋಗ ತಕ್ಷಣ ಬಿಟ್ಟುಹೋಯಿತು. ಇಂಥ ಕಡೆ ಇವತ್ತಿನ ಅರ್ಥದ ‘ಸೂನ್’ ಹಾಕಿ ನೋಡಿ. ರೋಗ ಕೆಲವು ದಿನದಲ್ಲಿ ವಾಸಿಯಾಯಿತು ಎಂದಾಗುತ್ತದೆ, ಪವಾಡವೇ ಉಳಿಯುವುದಿಲ್ಲ. ಆ ಅನುವಾದಕರಿಗೆ ಪವಾಡದ ಭಾರ ಹೊರಬಲ್ಲ ಪದವಾಗಿ ಕಂಡಿದ್ದು ‘ಸೋನಾ’.

ಮುಂದಿನ ನಾನ್ನೂರು ಐನೂರು ವರ್ಷಗಳಲ್ಲಿ ಪದ ಸಡಿಲವಾಯಿತು. ‘ಈಗಲೇ’ ಎಂಬುದು ‘ಇನ್ನು ಸ್ವಲ್ಪ ಹೊತ್ತಿಗೆ’ ಆಯಿತು. ಒಂದು ಪದಕ್ಕೆ ಹೀಗಾದರೆ ಆಕಸ್ಮಿಕ ಎನ್ನಬಹುದಿತ್ತು. ಆದರೆ ‘ಸೂನ್’ ಬಿಟ್ಟುಹೋದ ಜಾಗಕ್ಕೆ ಬಂದ ಪದಗಳಿಗೂ ಒಂದಾದಮೇಲೆ ಒಂದಕ್ಕೆ ಇದೇ ಗತಿಯಾಯಿತು. ‘ಅನಾನ್’ ಬಂತು. ‘ಒಂದರಲ್ಲಿ’ ಎಂಬ ಅರ್ಥದ ಎರಡು ಹಳೆಯ ಪದಗಳು ಬೆಸೆದು ಆದದ್ದು ಅದು. ಕರೆ ಮತ್ತು ಬರವು ಒಂದೇ ಕ್ಷಣದಲ್ಲಿ ಎಂಬ ಭಾವ. ಅದೂ ಸಡಿಲವಾಯಿತು. ‘ಬೈ ಅಂಡ್ ಬೈ’ ಬಂತು, ಸಡಿಲವಾಯಿತು. ‘ಪ್ರೆಸೆಂಟ್ಲಿ’ ಬಂತು, ಸಡಿಲವಾಯಿತು. ‘ಡೈರೆಕ್ಟ್ಲಿ’ ಕೂಡ ಅದೇ ದಾರಿ ಹಿಡಿಯಿತು. ಇಂಗ್ಲೆಂಡಿನ ಕಾರ್ನ್‌ವಾಲ್ ಸೀಮೆಯಲ್ಲಿ ಅದನ್ನು ‘ಡ್ರೆಕ್ಲಿ’ ಎನ್ನುತ್ತಾರೆ. ಅಲ್ಲಿ ಅದಕ್ಕೆ ‘ಯಾವಾಗಲಾದರೂ ಒಂದು ದಿನ’ ಎಂದು ಅರ್ಥ.

ಈ ಸಡಿಲಿಕೆ ಆಗುತ್ತಿರುವುದನ್ನು ಕಣ್ಣಾರೆ ನೋಡಬೇಕಾದರೆ ಶೇಕ್ಸ್‌ಪಿಯರನ ಕಾಲಕ್ಕೆ ಹೋಗಬೇಕು. ಜೂಲಿಯೆಟ್ ಉಪ್ಪರಿಗೆಯಲ್ಲಿ ನಿಂತಿದ್ದಾಳೆ, ಕೆಳಗೆ ರೋಮಿಯೊ. ಒಳಗಿನಿಂದ ದಾದಿ ಕೂಗುತ್ತಾಳೆ. ಜೂಲಿಯೆಟ್ ಒಂದು ಸಲ ‘ಅನಾನ್’ ಎನ್ನುತ್ತಾಳೆ, ಇನ್ನೊಂದು ಸಲ ‘ಬೈ ಅಂಡ್ ಬೈ’ ಎನ್ನುತ್ತಾಳೆ. ಪದಕೋಶದ ಪ್ರಕಾರ ಎರಡಕ್ಕೂ ಅರ್ಥ ‘ಈಗಲೇ ಬಂದೆ’. ಆದರೆ ಅವಳಿಗೆ ಹೋಗುವ ಮನಸ್ಸಿಲ್ಲ. ಇನ್ನೆರಡು ಮಾತು ರೋಮಿಯೊ ಹತ್ತಿರ ಆಡಬೇಕು. ‘ಹ್ಯಾಮ್ಲೆಟ್’ ನಾಟಕದ ಮೂರನೆಯ ಅಂಕದಲ್ಲಿ ಪೊಲೋನಿಯಸ್ ಬಂದು ರಾಣಿಯವರು ನಿಮ್ಮನ್ನು ಕಾಣಬೇಕಂತೆ, ‘ಪ್ರೆಸೆಂಟ್ಲಿ’ ಎಂದು ಹೇಳುತ್ತಾನೆ. ಅಂದರೆ ಈ ಕ್ಷಣವೇ. ಹ್ಯಾಮ್ಲೆಟ್ ಆಕಾಶದ ಮೋಡ ತೋರಿಸಿ ಅದು ಒಂಟೆಯೋ ಮುಂಗುಸಿಯಂಥದೋ ತಿಮಿಂಗಿಲವೋ ಎಂದು ಮಾತು ಬೆಳೆಸುತ್ತಾನೆ. ಆಮೇಲೆ ‘ಬೈ ಅಂಡ್ ಬೈ’ ಬರುತ್ತೇನೆ ಎನ್ನುತ್ತಾನೆ. ಪೊಲೋನಿಯಸ್ ಹಾಗೇ ತಿಳಿಸುತ್ತೇನೆ ಎಂದಾಗ, ಆ ಮಾತನ್ನು ಹೇಳುವುದೇನೋ ಸುಲಭ ಎಂಬರ್ಥದಲ್ಲಿ ಇನ್ನೊಂದು ಮಾತು ಸೇರಿಸುತ್ತಾನೆ. ಪದ ಜಾರುತ್ತಿರುವುದು ಆ ಕಾಲದ ಕಿವಿಗೆ ಕೇಳಿಸುತ್ತಿತ್ತು ಎಂಬುದಕ್ಕೆ ಇದಕ್ಕಿಂತ ಸಾಕ್ಷಿ ಬೇಕಿಲ್ಲ.

1611ರ ಇಂಗ್ಲಿಷ್ ಬೈಬಲ್ಲಿನಲ್ಲಿ ಹೆರೋದಿಯಳ ಮಗಳು ಸ್ನಾನಿಕ ಯೋಹಾನನ ತಲೆಯನ್ನು ತಟ್ಟೆಯಲ್ಲಿ ಕೇಳುವ ಪ್ರಸಂಗವಿದೆ. ಗ್ರೀಕ್ ಮೂಲದಲ್ಲಿ ಅವಳು ಕೇಳುವುದು ‘ಈಗಿಂದೀಗಲೇ’. ಅನುವಾದಕರು ‘ಬೈ ಅಂಡ್ ಬೈ’ ಎಂದು ಬರೆದರು. ಅವರ ಕಾಲಕ್ಕೆ ಅದು ಸರಿ. ಇನ್ನೂರೈವತ್ತು ವರ್ಷ ಕಳೆಯುವುದರೊಳಗೆ, ನಿಧಾನವಾಗಿ ಯಾವಾಗಲಾದರೂ ಕೊಡಿ ಎಂದು ಅವಳು ಕೇಳಿದ ಹಾಗೆ ಕೇಳಿಸತೊಡಗಿತು. 1881ರ ಪರಿಷ್ಕೃತ ಆವೃತ್ತಿಯಲ್ಲಿ ಅದನ್ನು ತೆಗೆದು ‘ಫೋರ್ತ್‌ವಿತ್’ ಎಂದು ಹಾಕಬೇಕಾಯಿತು.

ಯಾಕೆ ಹೀಗಾಗುತ್ತದೆ? ಮನುಷ್ಯರು ಸೋಮಾರಿಗಳು, ಈಗಲೇ ಎಂದು ಹೇಳಿ ತಡಮಾಡುತ್ತಾರೆ, ಪದ ಹಳಸುತ್ತದೆ ಎಂಬ ವಿವರಣೆಯನ್ನು ಅನೇಕ ಪುಸ್ತಕಗಳಲ್ಲಿ ಕಾಣುತ್ತೇವೆ. ನನಗೆ ಅದು ಒಪ್ಪಿಗೆಯಿಲ್ಲ. ಕಾರಣ, ‘ನಾಲ್ಕನೆಯ ಹೆನ್ರಿ’ ನಾಟಕದ ಮೊದಲ ಭಾಗದಲ್ಲಿ ಬರುವ ಫ್ರಾನ್ಸಿಸ್ ಎಂಬ ಹುಡುಗ.

ಲಂಡನ್ನಿನ ಈಸ್ಟ್‌ಚೀಪ್ ಬೀದಿಯ ಹೆಂಡದಂಗಡಿಯಲ್ಲಿ ಫ್ರಾನ್ಸಿಸ್ ಸೀಸೆ ಲೋಟ ತುಂಬಿಕೊಡುವ ಆಳು. ಕಸಬು ಕಲಿಯಲು ಕರಾರಿನ ಮೇಲೆ ಸೇರಿದವನು. ಇನ್ನೂ ಐದು ವರ್ಷ ದುಡಿಯಬೇಕು. ರಾಜಕುಮಾರ ಹ್ಯಾಲ್ ಮತ್ತು ಅವನ ಗೆಳೆಯ ಪಾಯಿನ್ಸ್ ಹೊತ್ತು ಕಳೆಯಲು ಒಂದು ಆಟ ಹೂಡುತ್ತಾರೆ. ರಾಜಕುಮಾರ ಫ್ರಾನ್ಸಿಸನನ್ನು ನಿಲ್ಲಿಸಿಕೊಂಡು ಮಾತಾಡಿಸುತ್ತಿರುತ್ತಾನೆ, ಪಾಯಿನ್ಸ್ ಪಕ್ಕದ ಕೋಣೆಯಿಂದ ಕೂಗುತ್ತಿರುತ್ತಾನೆ. ಹುಡುಗನ ಬಾಯಲ್ಲಿ ‘ಅನಾನ್’ ಬಿಟ್ಟು ಬೇರೆ ಮಾತು ಬರಬಾರದು, ಅದೇ ಆಟ. ಪಾಯಿನ್ಸ್ ಕೂಗಿದಾಗೆಲ್ಲ ಫ್ರಾನ್ಸಿಸ್ ‘ಅನಾನ್’ ಎನ್ನುತ್ತಾನೆ. ಹೋಗಬೇಕು, ಆದರೆ ರಾಜಕುಮಾರ ಮಾತಾಡಿಸುತ್ತಿರುವಾಗ ಬೆನ್ನು ತೋರಿಸುವ ಹಾಗಿಲ್ಲ. ಕೊನೆಗೆ ಇಬ್ಬರೂ ಒಟ್ಟಿಗೆ ಕರೆಯುತ್ತಾರೆ. ಯಾವ ಕಡೆ ಹೋಗಬೇಕೆಂದು ತಿಳಿಯದೆ ಅವನು ದಿಗ್ಭ್ರಮೆಯಿಂದ ನಿಂತುಬಿಡುತ್ತಾನೆ. ಆಗ ಅಂಗಡಿಯ ಯಜಮಾನ ಬಂದು, ಗಿರಾಕಿ ಕರೆದರೆ ನಿಂತಿದ್ದೀಯಲ್ಲ ಎಂದು ಗದರುತ್ತಾನೆ.

ಈ ದೃಶ್ಯಕ್ಕೆ ರಂಗಮಂದಿರಗಳಲ್ಲಿ ಜನ ನಗುತ್ತಾರೆ. ನನಗೆ ಇದು ಇಂಗ್ಲಿಷ್ ಶಬ್ದಾರ್ಥ ಚರಿತ್ರೆಯ ಒಂದು ಮುಖ್ಯ ದಾಖಲೆ ಅನ್ನಿಸುತ್ತದೆ. ಫ್ರಾನ್ಸಿಸ್ ಸೋಮಾರಿಯಲ್ಲ, ಸುಳ್ಳುಗಾರನೂ ಅಲ್ಲ. ಅವನಿಗೆ ಇಬ್ಬರು ಒಡೆಯರು, ಒಂದೇ ದೇಹ. ‘ಈಗಲೇ’ ಎನ್ನದೆ ಅವನಿಗೆ ಗತಿಯಿಲ್ಲ. ‘ಸ್ವಲ್ಪ ತಡವಾಗುತ್ತದೆ’ ಎಂದು ಗಿರಾಕಿಗೆ ಹೇಳುವ ಅಧಿಕಾರ ಅವನಿಗಿಲ್ಲ. ಪದವನ್ನು ಸವೆಸಿದವರು ಇಂಥ ಸಾವಿರಾರು ಫ್ರಾನ್ಸಿಸರು. ಅವಸರ ಹೇಳುವ ಪದ ಸಡಿಲವಾದದ್ದು ಹೆಚ್ಚಾಗಿ ಅಡುಗೆಮನೆಗಳಲ್ಲಿ, ಅಂಗಡಿಗಳಲ್ಲಿ, ಕೆಲಸದವರ ಬಾಯಲ್ಲಿ. ಅವರಿಗೆ ಇಲ್ಲವೆನ್ನುವ ಹಕ್ಕು ಇಲ್ಲದ್ದರಿಂದ.

ನಮ್ಮ ಭಾಷೆಯಲ್ಲಿ ಇದೇ ಕೆಲಸವನ್ನು ಕ್ರಿಯಾಪದ ಮಾಡುತ್ತದೆ. ಹೋಟೆಲಿನಲ್ಲಿ ಮೂಲೆಯ ಮೇಜಿನಿಂದ ಯಾರೋ ಕೂಗುತ್ತಾರೆ, ಎರಡು ಕೈಯಲ್ಲಿ ಆರು ಲೋಟ ಕಾಫಿ ಹಿಡಿದ ಹುಡುಗ ತಿರುಗಿ ನೋಡದೆ ‘ಬಂದೆ ಸಾರ್’ ಎನ್ನುತ್ತಾನೆ. ಬರುತ್ತೇನೆ ಎನ್ನುವುದಿಲ್ಲ, ಬಂದೆ ಎನ್ನುತ್ತಾನೆ. ಮಾಡಬೇಕಾದ ಕೆಲಸವನ್ನು ಮಾಡಿಯಾಯಿತು ಎಂಬ ಹಾಗೆ ಭೂತಕಾಲದಲ್ಲಿ ಹೇಳುತ್ತಾನೆ. ಒಳಗೆ ಸೊಸೆ ‘ತಂದೆ ಅತ್ತೆ’ ಎನ್ನುತ್ತಾಳೆ, ಆಳು ‘ಹೊರಟೆ ಬುದ್ಧಿ’ ಎನ್ನುತ್ತಾನೆ. ನಮ್ಮ ವ್ಯಾಕರಣಕಾರರು ಇದಕ್ಕೆ ಕಾಲಪಲ್ಲಟ ಎಂದು ಹೆಸರಿಟ್ಟಿದ್ದಾರೆ. ಹೆಸರು ಸರಿಯಾಗಿದೆ, ಆದರೆ ಕಾಲ ಪಲ್ಲಟಗೊಳ್ಳುವುದು ಯಾರ ಬಾಯಲ್ಲಿ ಹೆಚ್ಚು ಎಂಬ ಪ್ರಶ್ನೆಯನ್ನೂ ವ್ಯಾಕರಣ ಕೇಳಬೇಕು. ಯಜಮಾನರು ‘ಬರ್ತೀನಿ ಇರು’ ಎನ್ನುತ್ತಾರೆ, ಆಳು ‘ಬಂದೆ’ ಎನ್ನುತ್ತಾನೆ. ವಿದ್ಯಾರ್ಥಿಗಳಲ್ಲಿ ಯಾರಾದರೂ ಒಂದು ವಾರ ಕಿವಿಗೊಟ್ಟು ಕೇಳಿ ಇದನ್ನು ಬರೆದಿಟ್ಟರೆ ಒಳ್ಳೆಯ ಸಂಶೋಧನೆಯಾದೀತು.

ಈಗ ಸ್ವಲ್ಪ ಶಾಸ್ತ್ರದ ಮಾತು. ಸ್ವೀಡನ್ನಿನ ಗುಸ್ತಾಫ್ ಸ್ಟರ್ನ್ 1921ರಲ್ಲಿ ಇಂಗ್ಲಿಷಿನ ವೇಗವಾಚಕ ಕ್ರಿಯಾವಿಶೇಷಣಗಳ ಮೇಲೆ ಒಂದು ಗ್ರಂಥ ಪ್ರಕಟಿಸಿದರು. 1300ಕ್ಕೆ ಮೊದಲೇ ‘ವೇಗವಾಗಿ’ ಎಂಬ ಅರ್ಥವಿದ್ದ ಪದಗಳಿಗೆಲ್ಲ ‘ತಕ್ಷಣ’ ಎಂಬ ಅರ್ಥವೂ ಬಂತು. 1400ರ ಆಚೆಗೆ ‘ವೇಗವಾಗಿ’ ಎಂಬ ಅರ್ಥ ಪಡೆದ ಪದಗಳಿಗೆ ಅದು ಬರಲಿಲ್ಲ ಎಂದು ಅವರು ತೋರಿಸಿದರು. ಶಬ್ದಾರ್ಥ ಬದಲಾಗುವುದಕ್ಕೂ ಒಂದು ಕ್ರಮವಿದೆ ಎಂಬುದಕ್ಕೆ ಇದು ಪ್ರಸಿದ್ಧ ನಿದರ್ಶನ. ಅವರು ಕಂಡುಕೊಂಡ ಮೂರು ಮೆಟ್ಟಿಲು ಕನ್ನಡದ ‘ಬೇಗ’ದಲ್ಲಿ ಇನ್ನೂ ಚೆನ್ನಾಗಿ ಕಾಣಿಸುತ್ತವೆ. ‘ಬೇಗ’ ಎಂಬುದು ‘ವೇಗ’ದ ತದ್ಭವ. ‘ಬೇಗ ಬೇಗ ನಡಿ’ ಎಂದರೆ ಬರೀ ವೇಗ. ‘ಬೇಗ ಉಂಡು ಏಳು’ ಎಂದರೆ ವೇಗವೂ ಹೌದು, ಹೊತ್ತು ಕಮ್ಮಿಯಾಗಲಿ ಎಂಬುದೂ ಹೌದು. ‘ಅಪ್ಪ ಬೇಗ ತೀರಿಕೊಂಡರು’ ಎಂಬಲ್ಲಿ ವೇಗದ ಮಾತೇ ಇಲ್ಲ, ಕಾಲ ಮಾತ್ರ ಉಳಿದಿದೆ. ಸಂಸ್ಕೃತದ ‘ಶೀಘ್ರ’, ಉರ್ದುವಿನಿಂದ ಬಂದ ‘ಜಲ್ದಿ’, ಧಾರವಾಡದ ಕಡೆಯ ‘ಲಗೂನ ಬಾ’, ಮಂಡ್ಯದ ಕಡೆಯ ‘ಬಿರ್ನೆ ಬಾ’, ಎಲ್ಲವೂ ಇದೇ ಮೆಟ್ಟಿಲು ಹತ್ತಿದವು. ‘ಒಡನೆ’, ‘ಕೂಡಲೇ’ ಬೇರೆ ಜಾತಿಯವು. ಜೊತೆಗಿರುವುದು, ಕೂಡುವುದು ಎಂಬ ಭಾವದಿಂದ ಹುಟ್ಟಿದವು; ‘ಅನಾನ್’ ಎಂಬುದರ ದಾಯಾದಿಗಳು. ಜರ್ಮನ್ನರ ‘ಬಾಲ್ಟ್’ ಇನ್ನೂ ಬೇರೆ. ಇಂಗ್ಲಿಷಿನ ‘ಬೋಲ್ಡ್’ ಮತ್ತು ಅದು ಒಂದೇ ಬೇರಿನವು: ಧೈರ್ಯವಾಗಿ ನುಗ್ಗುವುದು ಮೊದಲು, ಬೇಗ ಎಂಬುದು ಆಮೇಲೆ.

‘ಸೂನ್’ ಪದದ ಹಳೆಯ ಬಿಗಿ ಪೂರ್ತಿ ಹೋಗಿದೆ ಎಂದುಕೊಳ್ಳಬೇಡಿ. ಎರಡು ನುಡಿಗಟ್ಟುಗಳಲ್ಲಿ ಅದು ಹಾಗೇ ಉಳಿದಿದೆ. ನಮ್ಮ ಹೈಸ್ಕೂಲು ವ್ಯಾಕರಣದಲ್ಲಿ ಮಕ್ಕಳ ಕೈಯಲ್ಲಿ ಮತ್ತೆ ಮತ್ತೆ ಬದಲಾಯಿಸಿ ಬರೆಸುವ ‘ಆ್ಯಸ್ ಸೂನ್ ಆ್ಯಸ್’ ಮತ್ತು ‘ನೋ ಸೂನರ್... ದ್ಯಾನ್’. ಗಂಟೆ ಹೊಡೆದ ಕೂಡಲೇ ಮಕ್ಕಳು ಹೊರಗೆ ಓಡಿದರು ಎಂಬ ವಾಕ್ಯವನ್ನು ಎರಡೂ ರೀತಿ ಬರೆಯಿರಿ ಎಂದು ಕೇಳುತ್ತಾರೆ. ಆ ‘ಕೂಡಲೇ’ ಇದೆಯಲ್ಲ, ಅದು ಸಾವಿರ ವರ್ಷದ ಹಿಂದಿನ ‘ಸೋನಾ’. ಒಂಟಿಯಾಗಿ ನಿಂತ ‘ಸೂನ್’ ಜಾರಿತು, ಎರಡು ಘಟನೆಗಳ ನಡುವೆ ಕಟ್ಟಿಹಾಕಿದ ‘ಸೂನ್’ ಜಾರಲಿಲ್ಲ. ಎರಡು ತುದಿಯೂ ವಾಕ್ಯದಲ್ಲೇ ಇರುವಾಗ ಜಾರಲು ಜಾಗವಿಲ್ಲ. ಮಕ್ಕಳಿಗೆ ಇದನ್ನು ಸೂತ್ರವಾಗಿ ಉರುಹೊಡೆಸುವ ಬದಲು ಈ ಕಥೆಯಾಗಿ ಹೇಳಿದರೆ ಅವರು ‘ದ್ಯಾನ್’ ಬದಲು ‘ವೆನ್’ ಬರೆಯುವುದಿಲ್ಲ ಎಂದು ನನ್ನ ನಂಬಿಕೆ.

‘ಸೂನರ್’ ಎಂಬ ರೂಪಕ್ಕೆ ಇನ್ನೆರಡು ಬಾಳುಗಳಿವೆ. ಒಂದು, ‘ಅದಕ್ಕಿಂತ ಇದೇ ವಾಸಿ’ ಎಂಬ ಇಷ್ಟಾನಿಷ್ಟದ ಅರ್ಥ. ‘ರಾದರ್’ ಎಂಬ ಪದ ಇದರ ಅವಳಿ. ಅದೂ ಮೂಲದಲ್ಲಿ ‘ಇನ್ನೂ ಬೇಗ’ ಎಂಬುದೇ. ಮೊದಲು ಯಾವುದಕ್ಕೆ ಕೈ ಹಾಕುತ್ತೇವೋ ಅದೇ ನಮಗೆ ಹೆಚ್ಚು ಇಷ್ಟ ಎಂಬ ತರ್ಕ. ಇನ್ನೊಂದು, ಅಮೆರಿಕದ ಒಕ್ಲಹೋಮ. 1889ರ ಏಪ್ರಿಲ್ 22ರಂದು ಸರ್ಕಾರ ಅಲ್ಲಿನ ನೆಲವನ್ನು ವಲಸಿಗರಿಗೆ ತೆರೆಯಿತು. ಮಧ್ಯಾಹ್ನ 12 ಗಂಟೆಯ ಸಂಕೇತ ಆಗುವವರೆಗೆ ಗಡಿ ದಾಟಬಾರದು ಎಂಬುದು ನಿಯಮ. ಕೆಲವರು ಮೊದಲೇ ಕದ್ದು ಒಳಗೆ ಸೇರಿ ಒಳ್ಳೆಯ ಜಾಗ ಹಿಡಿದಿದ್ದರು. ನಿಗದಿತ ಹೊತ್ತಿಗಿಂತ ಬೇಗ ಹೊಕ್ಕ ಅವರನ್ನು ‘ಸೂನರ್’ಗಳು ಎಂದು ಬೈದರು. ಬೈಗುಳ ಕಾಲಕ್ರಮದಲ್ಲಿ ಅಭಿಮಾನದ ಹೆಸರಾಯಿತು, ಇವತ್ತು ಅದು ಆ ರಾಜ್ಯದ ಅಡ್ಡಹೆಸರು. ಆ ನೆಲ ಅದಕ್ಕೂ ಮೊದಲು ಮೂಲನಿವಾಸಿ ಜನಾಂಗಗಳ ಕೈಯಲ್ಲಿತ್ತು. ಬೇಗ ಬಂದವರು ಯಾರು, ತಡವಾಗಿ ಬಂದವರು ಯಾರು ಎಂಬ ಜಗಳದಲ್ಲಿ ಅವರ ಹೆಸರು ಬರುವುದಿಲ್ಲ ಎಂಬುದು ನನಗೆ ಇವತ್ತಿಗೂ ಚುಚ್ಚುವ ಸಂಗತಿ.

ಬಳಕೆಯ ವಿಷಯಕ್ಕೆ ಬರುತ್ತೇನೆ. ನಮ್ಮ ‘ಬೇಗ’ ಇಂಗ್ಲಿಷಿನ ಮೂರು ಪದಗಳ ಕೆಲಸ ಮಾಡುವುದರಿಂದ ನಮ್ಮ ಮಕ್ಕಳು ಎಡವುತ್ತಾರೆ. ಒಂದು ಬಸ್ಸನ್ನೇ ತೆಗೆದುಕೊಳ್ಳಿ. ಆರೂವರೆಗೆ ಬರಬೇಕಾದ ಬಸ್ಸು ಆರಕ್ಕೇ ಬಂದರೆ ಅದು ‘ಅರ್ಲಿ’. ನಾವು ನಿಲ್ದಾಣಕ್ಕೆ ಹೋಗಿ ನಿಂತ ಎರಡು ನಿಮಿಷಕ್ಕೇ ಬಂದರೆ ಅದು ‘ಸೂನ್’. ದಾರಿಯಲ್ಲಿ ಎಲ್ಲೂ ನಿಲ್ಲದೆ ಓಡಿ ಬಂದರೆ ಅದು ‘ಫಾಸ್ಟ್’. ‘ಅರ್ಲಿ’ ಎಂಬುದನ್ನು ವೇಳಾಪಟ್ಟಿಯಿಂದ ಅಳೆಯುತ್ತೇವೆ, ‘ಫಾಸ್ಟ್’ ಎಂಬುದನ್ನು ಚಕ್ರದಿಂದ, ‘ಸೂನ್’ ಎಂಬುದನ್ನು ಮಾತ್ರ ಕಾಯುತ್ತ ನಿಂತವನಿಂದ. ಆ ಬಸ್ಸು ಒಂದು ಗಂಟೆ ತಡವಾಗಿದ್ದೂ ನನಗೆ ‘ಸೂನ್’ ಬರಬಹುದು, ನಾನು ಈಗ ತಾನೇ ಬಂದು ನಿಂತಿದ್ದರೆ. ‘ವೆರಿ ಸೂನ್’ ಎನ್ನಬಹುದು, ‘ವೆರಿ ಇಮ್ಮೀಡಿಯೆಟ್ಲಿ’ ಎನ್ನಲು ಬರುವುದಿಲ್ಲ ಎಂಬುದನ್ನೂ ಗಮನಿಸಿ. ಹೆಚ್ಚು ಕಡಿಮೆ ಮಾಡಲು ಬರುವ ಪದದಲ್ಲಿ ಯಾವ ಗಡುವೂ ಇಲ್ಲ. ಇನ್ನು ‘ಪ್ರೆಸೆಂಟ್ಲಿ’. ಇಂಗ್ಲೆಂಡಿನಲ್ಲಿ ಅದು ‘ಸ್ವಲ್ಪ ಹೊತ್ತಿನಲ್ಲಿ’. ಅಮೆರಿಕ, ಸ್ಕಾಟ್ಲೆಂಡ್ ಮತ್ತು ನಮ್ಮಲ್ಲಿ ‘ಸದ್ಯ’. ಕೆಲಸದ ಅರ್ಜಿಯಲ್ಲಿ ನಾವು ಬರೆಯುವ ‘ಪ್ರೆಸೆಂಟ್ಲಿ ವರ್ಕಿಂಗ್’ ತಪ್ಪೆಂದು ಹೇಳುವವರಿದ್ದಾರೆ. ತಪ್ಪಲ್ಲ, ಪದದ ಹಳೆಯ ಅರ್ಥವನ್ನು ನಾವು ಉಳಿಸಿಕೊಂಡಿದ್ದೇವೆ.

ಒಂದೇ ಭಾಷೆಯಾಡುವವರ ನಡುವೆಯೂ ಈ ಪದಗಳು ಕೈಕೊಡುತ್ತವೆ. 1842ರಲ್ಲಿ ಚಾರ್ಲ್ಸ್ ಡಿಕನ್ಸ್ ಬಾಸ್ಟನ್ನಿನ ಟ್ರೆಮಾಂಟ್ ಹೌಸ್ ಹೋಟೆಲಿನಲ್ಲಿ ಇಳಿದು ಊಟ ಹೇಳಿದಾಗ, ಮಾಣಿ ‘ರೈಟ್ ಅವೇ?’ ಎಂದು ಕೇಳಿದ. ಇಂಗ್ಲಿಷಿನ ಅಷ್ಟು ದೊಡ್ಡ ಕಾದಂಬರಿಕಾರರಿಗೆ ಆ ಎರಡು ಪದ ಅರ್ಥವಾಗಲಿಲ್ಲ. ಸ್ವಲ್ಪ ಯೋಚಿಸಿ ಅಂದಾಜಿನ ಮೇಲೆ ಬೇಡ ಎಂದುಬಿಟ್ಟರು. ಮಾಣಿ ಕಕ್ಕಾಬಿಕ್ಕಿಯಾದ. ಇನ್ನೊಬ್ಬ ಬಂದು ‘ಡೈರೆಕ್ಟ್ಲಿ’ ಎಂದು ಬಿಡಿಸಿ ಹೇಳಿದ ಮೇಲೆ ಊಟ ಬಂತು. ಆ ಪ್ರವಾಸದ ಪುಸ್ತಕದಲ್ಲಿ ಅವರೇ ಇದನ್ನು ಬರೆದಿದ್ದಾರೆ. ಊಟದ ಮೇಜಿನಲ್ಲಾದರೆ ತೊಂದರೆ ಒಂದು ಹೊತ್ತಿನ ಹಸಿವು. ಕರಾರಿನಲ್ಲಿ, ಕಾನೂನಿನಲ್ಲಿ ಇದೇ ಪದಗಳು ಬಂದಾಗ ತೊಂದರೆ ಬೇರೆ ತರಹದ್ದು.

1878ರಲ್ಲಿ ಇಂಗ್ಲೆಂಡಿನ ನ್ಯಾಯಾಲಯದ ಮುಂದೆ ಒಂದು ಪ್ರಕರಣ ಬಂತು: ಹೈಡ್ರಾಲಿಕ್ ಎಂಜಿನಿಯರಿಂಗ್ ಕಂಪನಿ ಮತ್ತು ಮ್ಯಾಕ್‌ಹಾಫಿ ಎಂಬವರ ನಡುವಿನದು. ಒಂದು ಯಂತ್ರದ ಭಾಗವನ್ನು ‘ಆ್ಯಸ್ ಸೂನ್ ಆ್ಯಸ್ ಪಾಸಿಬಲ್’ ಮಾಡಿಕೊಡುತ್ತೇವೆ ಎಂದು ಒಪ್ಪಿದವರು ತಡಮಾಡಿದರು. ಕೆಲಸ ಬಲ್ಲ ಮೇಸ್ತ್ರಿ ನಮ್ಮಲ್ಲಿರಲಿಲ್ಲ ಎಂದು ಕಾರಣ ಕೊಟ್ಟರು. ನ್ಯಾಯಾಲಯ ಒಪ್ಪಲಿಲ್ಲ. ಆ ನುಡಿಗಟ್ಟಿಗೆ ಅರ್ಥ, ಯುಕ್ತವಾದ ಕಾಲದೊಳಗೆ ಮತ್ತು ವ್ಯವಹಾರದಲ್ಲಿ ಸಾಧ್ಯವಿರುವಷ್ಟು ಕಡಿಮೆ ಅವಧಿಯಲ್ಲಿ ಎಂದು ತೀರ್ಪು ಕೊಟ್ಟಿತು. ನನ್ನ ಅನುಕೂಲ ನೋಡಿಕೊಂಡು ಎಂದಲ್ಲ. ಎಷ್ಟು ನ್ಯಾಯವಾದ ಓದು ನೋಡಿ. ‘ಸಾಧ್ಯ’ ಎಂಬ ಪದವನ್ನು ಹೇಳಿದವನ ಕೈಗೇ ಬಿಟ್ಟುಕೊಡದೆ, ಕಾಯುವವನ ಕಡೆಯಿಂದಲೂ ಅಳೆದರು.

ಈ ನುಡಿಗಟ್ಟು ನಮ್ಮ ಸಂವಿಧಾನಕ್ಕೂ ಬಂತು. ಸಂಸತ್ತು ಅಂಗೀಕರಿಸಿದ ಮಸೂದೆಯನ್ನು ರಾಷ್ಟ್ರಪತಿಗಳು ಮರುಪರಿಶೀಲನೆಗೆ ವಾಪಸು ಕಳಿಸಬೇಕೆಂದಿದ್ದರೆ ಎಷ್ಟು ದಿನದೊಳಗೆ ಕಳಿಸಬೇಕು? ಕರಡು ಸಂವಿಧಾನದಲ್ಲಿ ಆರು ವಾರಕ್ಕೆ ಮೀರದಂತೆ ಎಂದಿತ್ತು. 1949ರ ಮೇ ತಿಂಗಳಲ್ಲಿ ಆ ವಿಧಿ ಸಂವಿಧಾನ ಸಭೆಯಲ್ಲಿ ಚರ್ಚೆಗೆ ಬಂದಾಗ, ಅಂಬೇಡ್ಕರ್ ಅವರು ಆರು ವಾರವನ್ನು ತೆಗೆದು ‘ಆ್ಯಸ್ ಸೂನ್ ಆ್ಯಸ್ ಪಾಸಿಬಲ್’ ಎಂದು ಸೇರಿಸುವ ತಿದ್ದುಪಡಿ ತಂದರು. ಅದನ್ನು ವಿರೋಧಿಸಿದವರು ಎಚ್. ವಿ. ಕಾಮತ್. ಮಂಗಳೂರಿನಲ್ಲಿ ಹುಟ್ಟಿ, ಮಧ್ಯಪ್ರಾಂತದಿಂದ ಸಭೆಗೆ ಬಂದಿದ್ದವರು. ಖಚಿತವಾದ ಗಡುವನ್ನು ಬರೆಯಲು ಬರುವ ಕಡೆ ಅಸ್ಪಷ್ಟ ಪದ ಬೇಡ ಎಂಬುದು ಅವರ ವಾದದ ಸಾರ. ತಿದ್ದುಪಡಿ ಅಂಗೀಕಾರವಾಯಿತು. ಇವತ್ತಿನ 111ನೆಯ ವಿಧಿಯಲ್ಲಿ ಹಾಗೂ ರಾಜ್ಯಪಾಲರ ಬಗೆಗಿನ 200ನೆಯ ವಿಧಿಯಲ್ಲಿ ಇರುವುದು ‘ಸಾಧ್ಯವಾದಷ್ಟು ಬೇಗ’ ಎಂಬ ಮಾತೇ. ಅಂಬೇಡ್ಕರ್ ಅವರ ಉದ್ದೇಶ ವಿಳಂಬಕ್ಕೆ ಅವಕಾಶ ಕೊಡುವುದಾಗಿತ್ತು ಎಂದು ನಾನು ಎಣಿಸಲಾರೆ. ಆರು ವಾರ ಎಂದು ಬರೆದರೆ ಆರು ವಾರವೂ ಇಟ್ಟುಕೊಳ್ಳುತ್ತಾರೆ, ‘ಸಾಧ್ಯವಾದಷ್ಟು ಬೇಗ’ ಎಂದರೆ ಅದಕ್ಕಿಂತ ಮೊದಲೇ ಆಗುತ್ತದೆ ಎಂದು ಓದಲು ಅವಕಾಶವಿದೆ. ಪದದ ಹಳೆಯ ಬಿಗಿಯನ್ನು ನಂಬಿದ ಓದು ಅದು. ಆದರೆ ಭಾಷೆಯ ಚರಿತ್ರೆ ಕಾಮತರ ಕಡೆಗಿದೆ. ಫ್ರಾನ್ಸಿಸನ ‘ಅನಾನ್’ ಸಡಿಲವಾದದ್ದು ಅವನನ್ನು ಎರಡು ಕಡೆಯಿಂದ ಎಳೆಯುವವರಿದ್ದರು ಎಂದು. ದೊಡ್ಡ ಹುದ್ದೆಯವರ ‘ಸೂನ್’ ಸಡಿಲವಾಗುವುದು ಎಳೆಯುವವರು ಯಾರೂ ಇಲ್ಲ ಎಂದು. ಎರಡನೆಯದಕ್ಕೆ ಮಿತಿಯೇ ಇಲ್ಲ.

ಈ ವಿಷಯದಲ್ಲಿ ಈಚಿನ ಕಾನೂನುಗಳು ಜಾಣತನ ತೋರಿವೆ. 2005ರ ಮಾಹಿತಿ ಹಕ್ಕು ಕಾಯ್ದೆ ಆದಷ್ಟು ತ್ವರಿತವಾಗಿ ಎಂದು ಹೇಳಿ ಸುಮ್ಮನಾಗುವುದಿಲ್ಲ. ಏನೇ ಆದರೂ 30 ದಿನದೊಳಗೆ ಎಂದು ಸೇರಿಸುತ್ತದೆ, ಜೀವ ಅಥವಾ ಸ್ವಾತಂತ್ರ್ಯದ ಪ್ರಶ್ನೆಯಾದರೆ 48 ಗಂಟೆ ಎನ್ನುತ್ತದೆ. ನಮ್ಮ ರಾಜ್ಯದ 2011ರ ಸೇವಾ ಖಾತರಿ ಕಾಯ್ದೆ ಇನ್ನೂ ಮುಂದೆ ಹೋಯಿತು. 2012ರ ಏಪ್ರಿಲ್‌ನಲ್ಲಿ ‘ಸಕಾಲ’ ಎಂಬ ಹೆಸರಿನಲ್ಲಿ ಅದು ನಡೆಯತೊಡಗಿದಾಗ, ಒಂದೊಂದು ಸೇವೆಗೂ ಇಂತಿಷ್ಟು ಕೆಲಸದ ದಿನ ಎಂದು ಗೊತ್ತುಮಾಡಿತು. ತಡವಾದರೆ ಅರ್ಜಿದಾರರಿಗೆ ದಿನಕ್ಕೆ 20 ರೂಪಾಯಿ, ಹೆಚ್ಚೆಂದರೆ 500 ರೂಪಾಯಿ ಪರಿಹಾರ. ಮೊತ್ತ ಚಿಕ್ಕದು. ಆದರೆ ಜಾತಿ ಪ್ರಮಾಣಪತ್ರಕ್ಕೋ ಪಹಣಿ ತಿದ್ದುಪಡಿಗೋ ತಾಲೂಕು ಕಚೇರಿಯ ಕಟಕಟೆಯ ಮುಂದೆ ನಿಂತು ‘ಆಯ್ತು ಹೋಗಿ, ಬೇಗ ಮಾಡ್ಕೊಡ್ತೀವಿ’ ಎಂಬ ಉತ್ತರ ಕೇಳಿಸಿಕೊಂಡವರಿಗೆ, ಆ ‘ಬೇಗ’ದ ಜಾಗದಲ್ಲಿ ಚೀಟಿಯ ಮೇಲೆ ಅಚ್ಚಾದ ಒಂದು ತಾರೀಖು ಸಿಕ್ಕುವುದು ಎಂಥ ವ್ಯತ್ಯಾಸ ಎಂದು ಬಿಡಿಸಿ ಹೇಳಬೇಕಿಲ್ಲ.

ಸಂವಿಧಾನದ ಒಳಗೇ ಈ ವ್ಯತ್ಯಾಸ ಪಕ್ಕಪಕ್ಕದಲ್ಲಿದೆ. 22ನೆಯ ವಿಧಿಯ ಎರಡನೆಯ ಖಂಡ, ಬಂಧಿತನನ್ನು 24 ಗಂಟೆಯೊಳಗೆ ನ್ಯಾಯಾಧೀಶರ ಮುಂದೆ ಹಾಜರುಪಡಿಸಬೇಕು ಎನ್ನುತ್ತದೆ. ಅಲ್ಲಿ ಅಂಕಿ ಇದೆ. ಮೊದಲ ಖಂಡ, ಬಂಧನದ ಕಾರಣವನ್ನು ಅವನಿಗೆ ‘ಆ್ಯಸ್ ಸೂನ್ ಆ್ಯಸ್ ಮೇ ಬಿ’ ತಿಳಿಸಬೇಕು ಎನ್ನುತ್ತದೆ. ಅಲ್ಲಿ ಕ್ರಿಯಾವಿಶೇಷಣ ಇದೆ. 24 ಗಂಟೆಯ ಬಗ್ಗೆ ಪೊಲೀಸರಿಗೂ ವಕೀಲರಿಗೂ ಜನಸಾಮಾನ್ಯರಿಗೂ ಗೊತ್ತು. ಸಿನಿಮಾಗಳಲ್ಲೂ ಆ ಮಾತು ಬರುತ್ತದೆ. ಕಾರಣ ತಿಳಿಸುವ ಹೊಣೆ ಮಾತ್ರ ಎಷ್ಟೋ ಕಡೆ ಕಾಗದದ ಮೇಲೇ ಉಳಿಯಿತು.

2025ರ ನವೆಂಬರ್‌ನಲ್ಲಿ ಸರ್ವೋಚ್ಚ ನ್ಯಾಯಾಲಯದ ಮುಂದೆ ರಾಜ್ಯಪಾಲರ ‘ಸೂನ್’, ಬಂಧಿತರ ‘ಸೂನ್’ ಎರಡೂ ಒಂದರ ಹಿಂದೆ ಒಂದು ಬಂದವು. ರಾಜ್ಯಪಾಲರ ವಿಷಯದಲ್ಲಿ ಅದೇ ವರ್ಷದ ಏಪ್ರಿಲ್ 8ರಂದು ತಮಿಳುನಾಡಿನ ಪ್ರಕರಣದಲ್ಲಿ ಇಬ್ಬರು ನ್ಯಾಯಮೂರ್ತಿಗಳ ಪೀಠ ತಿಂಗಳ ಲೆಕ್ಕದ ಗಡುವು ಹಾಕಿತ್ತು. ರಾಷ್ಟ್ರಪತಿಗಳು ಅಭಿಪ್ರಾಯ ಕೇಳಿದ ಮೇಲೆ, ನವೆಂಬರ್ 20ರಂದು ಐವರ ಪೀಠ, ಸಂವಿಧಾನದಲ್ಲಿ ಇಲ್ಲದ ಗಡುವನ್ನು ನ್ಯಾಯಾಲಯ ಸೇರಿಸಲಾಗದು ಎಂದಿತು. ಕಾರಣವಿಲ್ಲದೆ ಅನಿರ್ದಿಷ್ಟವಾಗಿ ಸುಮ್ಮನಿದ್ದರೆ ಮಾತ್ರ ನ್ಯಾಯಾಲಯ ಸೀಮಿತವಾಗಿ ಮಧ್ಯೆ ಬರಬಹುದು ಎಂದಿತು. 1949ರಲ್ಲಿ ಹೊರಗೆ ಹೋದ ಅಂಕಿ ಹೊರಗೇ ಉಳಿಯಿತು. ವಿಧಾನಸಭೆಯಲ್ಲಿ ಅಂಗೀಕಾರವಾದ ಮಸೂದೆಯೊಂದು ರಾಜಭವನದಲ್ಲಿ ಎಷ್ಟು ದಿನ ಇರಬಹುದು ಎಂಬುದಕ್ಕೆ ಈಗಲೂ ನಮ್ಮ ಬಳಿ ಇರುವುದು ಒಂದು ಕ್ರಿಯಾವಿಶೇಷಣ ಮಾತ್ರ. ಇದು ಸರಿಯಾಗಬೇಕಾದರೆ ಸಂಸತ್ತೇ ಸಂವಿಧಾನಕ್ಕೆ ತಿದ್ದುಪಡಿ ತಂದು ಕಾಮತರ ಮಾತಿಗೆ ಮರಳಬೇಕು; ಮರಳಲಿ ಎಂದೇ ನನ್ನ ಆಸೆ.

ಅದಕ್ಕೆ ಎರಡು ವಾರ ಮೊದಲು, ನವೆಂಬರ್ 6ರಂದು, ಅದೇ ನ್ಯಾಯಾಲಯ ಬಂಧಿತರ ‘ಸೂನ್’ ಬಗ್ಗೆ ತೀರ್ಪು ಕೊಟ್ಟಿತ್ತು. ಬಂಧನದ ಕಾರಣಗಳನ್ನು ಬರಹದಲ್ಲಿ ಕೊಡಬೇಕು. ಆ ಕ್ಷಣಕ್ಕೆ ಬರೆದು ಕೊಡಲು ಆಗದಿದ್ದರೆ ಬಾಯಲ್ಲಿ ಹೇಳಿ, ಆಮೇಲೆ ಯುಕ್ತ ಕಾಲದೊಳಗೆ ಬರೆದು ಕೊಡಬೇಕು. ಏನೇ ಆದರೂ, ರಿಮ್ಯಾಂಡಿಗಾಗಿ ನ್ಯಾಯಾಧೀಶರ ಮುಂದೆ ನಿಲ್ಲಿಸುವುದಕ್ಕೆ ಕನಿಷ್ಠ ಎರಡು ಗಂಟೆ ಮೊದಲು ಆ ಬರಹ ಬಂಧಿತನ ಕೈಯಲ್ಲಿರಬೇಕು. ‘ಆ್ಯಸ್ ಸೂನ್ ಆ್ಯಸ್ ಮೇ ಬಿ’ ಎಂಬುದಕ್ಕೆ ಸಂವಿಧಾನ ಜಾರಿಯಾದ 75 ವರ್ಷಗಳ ಮೇಲೆ ಹೀಗೆ ಒಂದು ಗಡಿ ಸಿಕ್ಕಿತು. ಆ ತೀರ್ಪಿನಲ್ಲಿ ಇನ್ನೊಂದು ಮಾತೂ ಇದೆ: ಬರಹ ಬಂಧಿತನಿಗೆ ಅರ್ಥವಾಗುವ ಭಾಷೆಯಲ್ಲಿರಬೇಕು. ಮುಂಬಯಿಯಲ್ಲೋ ದೆಹಲಿಯಲ್ಲೋ ಕೂಲಿಗೆ ಹೋದ ಯಾದಗಿರಿಯ ಒಬ್ಬ ಕಾರ್ಮಿಕನನ್ನು ಅಲ್ಲಿನ ಪೊಲೀಸರು ಹಿಡಿದರೆ, ಅವನಿಗೆ ಕನ್ನಡವಲ್ಲದೆ ಬೇರೆ ಭಾಷೆ ತಿಳಿಯದಿದ್ದರೆ, ರಿಮ್ಯಾಂಡಿಗೆ ಎರಡು ಗಂಟೆ ಮೊದಲೇ ಅವನ ಕೈಗೆ ಬರಬೇಕಾದದ್ದು ಕನ್ನಡದ ಕಾಗದ.